ಸ್ಲ್ಯಾಟರ್ನ್ ಎಂದರೆ ಗೃಹಲಕ್ಷ್ಮಿ

ನವನಗರದ ಮನೆಯ ಬಾಗಿಲಲ್ಲಿ ಮುನಾಫನನ್ನು ಕಂಡ ಕೂಡಲೇ ಪ್ರಭುಲಿಂಗ ಮಾಸ್ತರರು ತುಟಿ ಬಿಗಿಹಿಡಿದರು. ಬರಬಾರದವನೇ ಬಂದಿದ್ದ. ಅವರ ಹಳೆಯ ಶಿಷ್ಯ. ಈಗ ಹುನಗುಂದದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ.

ಮೂರು ತಿಂಗಳ ಹಿಂದೆ ಮಾಸ್ತರರಿಗೆ ಲಕ್ವಾ ಹೊಡೆದಿತ್ತು. ಬಲಗೈ ಹೋಯಿತು, ಮಾತೂ ಹೋಯಿತು. ಉಳಿದದ್ದು ಮೂರೇ ಶಬ್ದ, ಮೂರೂ ಇಂಗ್ಲಿಷಿನವು. ನೀರು ಕೇಳಲು ಬಾಯಿ ತೆರೆದರೂ ಅವೇ ಬರುತ್ತಿದ್ದವು, ನೋವಾದರೂ ಅವೇ. ನಾಲಿಗೆಗೆ ಬಹಳ ರೂಢಿಯಾದದ್ದು ಹೀಗೆ ಉಳಿಯುವುದುಂಟು ಎಂದು ಡಾಕ್ಟರರು ಹೇಳಿದ್ದರು.

ರೂಢಿಯೇನೋ ನಿಜ. ಹೆಂಡತಿ ಸತ್ಯವ್ವ ಮೂರನೇ ಇಯತ್ತೆಗೇ ಸಾಲೆ ಬಿಟ್ಟವಳು. ಮದುವೆಯಾದ ಹೊಸತರಲ್ಲಿ ಅವಳನ್ನು ಬೈಯಲೆಂದೇ ಮಾಸ್ತರರು ಹಳೆಯ ಪುಸ್ತಕಗಳಿಂದ ಆ ಶಬ್ದಗಳನ್ನು ಹೆಕ್ಕಿದ್ದರು. ಇಂಗ್ಲಿಷರೇ ಮರೆತಂಥವು. ಕೊಳಕಿಗೆ ಸ್ಲ್ಯಾಟರ್ನ್, ಜಗಳಗಂಟಿಗೆ ಟರ್ಮಗಂಟ್, ಕುರೂಪಿ ಮುದುಕಿಗೆ ಬೆಲ್ಡಮ್. ಅವಳು ಅರ್ಥ ಕೇಳಿದಾಗ ಗೃಹಲಕ್ಷ್ಮಿ, ಜಾಣೆ, ಚೆಲುವೆ ಎಂದಿದ್ದರು. ಅವಳು ನಾಚಿದ್ದಳು. ಬಂದವರೆದುರು ಹಾಗೆ ಕರೆದಾಗಲೆಲ್ಲ ಓಗೊಟ್ಟಿದ್ದಳು.

ಈಗ ಅವಳೇ ಅವರ ಮೈ ಒರೆಸುತ್ತಿದ್ದಳು, ಗಂಜಿ ಕುಡಿಸುತ್ತಿದ್ದಳು. ಗುಟುಕು ಗುಟುಕಿಗೂ ಅವರು ಅವಳನ್ನು ಬೈಯುತ್ತಿದ್ದರು. ತಡೆಯಲು ಹೋದಷ್ಟೂ ಶಬ್ದ ಒತ್ತರಿಸಿ ಬರುತ್ತಿತ್ತು. ಅವಳಿಗೆ ತಿಳಿಯದು ಎಂಬುದೊಂದೇ ಸಮಾಧಾನ.

ಮುನಾಫ ಅವರ ಕೈ ಹಿಡಿದು ಆರೋಗ್ಯ ವಿಚಾರಿಸಿದ. ಮಾಸ್ತರರು ಹಲ್ಲು ಕಚ್ಚಿ ಕುಳಿತರು. ಸತ್ಯವ್ವ ಚಹಾ ತಂದಳು. ಶಬ್ದ ಜಾರಿಯೇಬಿಟ್ಟಿತು.

“ಬೆಲ್ಡಮ್.”

ಮುನಾಫ ಬಾಯಿಗೆ ಒಯ್ದ ಚಹಾದ ಬಶಿಯನ್ನು ಕೆಳಗಿಳಿಸಿದ.

“ಚೆಲುವಿ ಅಂತ ಅರ್ಥ,” ಸತ್ಯವ್ವ ಅವನಿಗೆ ಹೇಳಿದಳು. “ಹೌದಲ್ರಿ?”

ಅವನು ಗುರುವಿನ ಮುಖ ನೋಡಿದ. ಆ ಕಣ್ಣುಗಳು ಬೇಡುತ್ತಿದ್ದವು.

“ಹೌದ್ರಿ ಅವ್ವಾರ,” ಎಂದು ನೆಲ ನೋಡಿದ. ಚಹಾ ಅರ್ಧಕ್ಕೇ ಬಿಟ್ಟು, ಬಸ್ಸಿನ ನೆಪ ಹೇಳಿ ಎದ್ದುಹೋದ.

ಮಾಸ್ತರರು ಉಸಿರು ಬಿಟ್ಟರು.

ಸತ್ಯವ್ವ ಬಾಗಿಲು ಹಾಕಿ ಬಂದಳು. ಗಂಜಿಯ ಬಟ್ಟಲು ಹಿಡಿದು ಹಾಸಿಗೆಯ ಅಂಚಿಗೆ ಕುಳಿತಳು. ಚಮಚವನ್ನು ಅವರ ತುಟಿಯ ಹತ್ತಿರ ತಂದಳು.

“ಪಾಪ, ಅವಗ ಸುಳ್ಳ ಹೇಳಾಕ ಬರೂದಿಲ್ಲ,” ಎಂದಳು. “ನಿಮ್ಮ ಮಗಳು ಸಾಲಿ ಕಲಿಯೂವಾಗ ನಿಮ್ಮದ ಡಿಕ್ಷನರಿ ತಗದು ಮೂರಕ್ಕೂ ಅರ್ಥ ಓದಿ ಹೇಳ್ಯಾಳ್ರಿ. ಇಪ್ಪತ್ತು ವರ್ಷಾತು. ಬಾಯಿ ತಗೀರಿ.”