ಬೆಳಕೆ ದಂಡೆಯ ಎಂಟನೆಯ ಓಟ

ಮೀನಿನ ಹೊಟ್ಟೆ ಒತ್ತಿ ನೋಡುವಂತೆ ಗಂಗೆ ಬಗ್ಗಿ ಪುಂಡಲೀಕನ ಕಾರಿನ ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿದಳು. ಚಕ್ರ ಮೆತ್ತಗಿತ್ತು.

ಬೆಳಕೆಯ ಕಡಲದಂಡೆಯಲ್ಲಿ ಬಾಡಿಗೆ ಕಾರುಗಳ ಓಟ ಶುರುವಾಗಿ ೧೯೬೫ಕ್ಕೆ ಎಂಟನೆಯ ವರ್ಷ. ಹಿಂದಿನ ಏಳೂ ಸಲ ಗೆದ್ದವನು ಕುಮಟೆಯ ಪುಂಡಲೀಕ. ಏಳೂ ಸಲ ಅವಳ ಗಂಡ ದಾಸನ ಕಾರು ಮರಳಿನಲ್ಲಿ ಹೂತು ನಿಂತಿತ್ತು. ಯಾಕೆಂದು ಅವಳಿಗೆ ತಿಳಿಯಲೇಬೇಕಿತ್ತು.

"ಎಂತ ನೋಡ್ತೀ ಗಂಗಕ್ಕ?" ಪುಂಡಲೀಕ ಹತ್ತಿರ ಬಂದ.

"ಗಾಳಿ ಕಮ್ಮಿ ಮಾಡಿದ್ಯಲ್ಲ, ಅಣ್ಣ?"

ಅವನು ನಕ್ಕುಬಿಟ್ಟ. "ಮೆತ್ತಗಿನ ಚಕ್ರ ಹೊಯ್ಗೇಲಿ ಹೂಳೂದಿಲ್ಲ. ಏಳು ವರ್ಷ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ನೀ ಕೇಳ್ದೆ, ಹೇಳ್ದೆ. ಆತು."

ಗಂಗೆ ಸೀರೆಯ ನೆರಿಗೆ ಎತ್ತಿ ದಾಸನ ಕಡೆಗೆ ಓಡಿದಳು. ನಾಲ್ಕೂ ಚಕ್ರಗಳಿಂದ ಗಾಳಿ ಬುಸುಗುಟ್ಟಿತು. ಅಂದು ಗೆರೆ ದಾಟುವಾಗ ದಾಸನ ಕಾರಿನ ಮೂತಿ ಪುಂಡಲೀಕನದಕ್ಕಿಂತ ಒಂದು ಗೇಣು ಮುಂದಿತ್ತು.