ಗಂಬೋ ಬಿಸಿಯಿರುವಷ್ಟು ದೂರ

ಪಾತ್ರೆಗೆ ಸೀಟ್‌ಬೆಲ್ಟ್ ಹಾಕಿದ್ದು ಊರೆಲ್ಲ ಮಿಸ್ ಓಡಿಲ್ ಎಂದು ಕರೆಯುವ ಅಜ್ಜಿ. ಎರಡು ಹಳೇ ರಜಾಯಿ ಸುತ್ತಿ, ಮುಚ್ಚಳಕ್ಕೆ ಹಗ್ಗ ಬಿಗಿದು, ಕೋಚ್ ಹಾರ್ಲನ್‌ನ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಎಳೆದು ಟಕ್ಕೆನ್ನಿಸಿದಳು. ಆಮೇಲೆ ಮಗುವಿನ ಬೆನ್ನು ತಟ್ಟುವಂತೆ ಅದನ್ನೊಮ್ಮೆ ತಟ್ಟಿದಳು.

ಹಾರ್ಲನ್ ಬಂದದ್ದು ಪಾತ್ರೆಗಾಗಿ ಅಲ್ಲ, ಅವಳ ಮೊಮ್ಮಗನಿಗಾಗಿ. ಟೆರಾನ್ ಬಾಗಿಲಿಗಿಂತ ಎತ್ತರದ ಹುಡುಗ. ಹೆಲ್ಮೆಟ್ ತೊಟ್ಟು ಅಡ್ಡ ನಿಂತರೆ ಎದುರು ತಂಡದವರು ಅವನನ್ನು ಸುತ್ತುಬಳಸಿ ಹೋಗಬೇಕು. ಲೂಯಿಸಿಯಾನಾದ ಈ ಜವುಗು ಸೀಮೆಯಲ್ಲಿ ಇಂಥ ಹುಡುಗರನ್ನು ಟೆಶ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಒಲಿಸಿ ತರುವುದೇ ಹಾರ್ಲನ್‌ನ ಕೆಲಸ. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಅಜ್ಜಿಯನ್ನು ಚರ್ಚಿಗೆ ಹೊರಟಾಗ ಮಾತಾಡಿಸಬಾರದು, ಎಲ್ಲ ಅವನಿಗೆ ಗೊತ್ತು. ಓಡಿಲ್‌ಳ ಇಬ್ಬರು ಗಂಡುಮಕ್ಕಳನ್ನೂ ಇದೇ ಅಡುಗೆಮನೆಯಿಂದ ಕರೆದೊಯ್ದವನು ಅವನೇ. ಆಗೆಲ್ಲ ಶನಿವಾರ ಬಂತೆಂದರೆ, ಪಂದ್ಯ ಯಾವ ಊರಲ್ಲೇ ಇರಲಿ, ಈ ಪಾತ್ರೆ ಮೈದಾನದ ಹೊರಗೆ ಹಾಜರು. ಗೆದ್ದವರಿಗೂ ಸೋತವರಿಗೂ ಏಡಿ, ಸಾಸೇಜು, ಬೆಂಡೆಕಾಯಿ ಕುದಿಸಿದ ಗಂಬೋ.

ಆದರೆ ಈ ಶುಕ್ರವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಏಡಿಯ ಕಾಲು ಮುರಿಯುತ್ತಲೇ ಅವಳು ಕೇಳಿದ್ದಳು. "ನಿಮ್ಮ ಕಾಲೇಜು ಹಳೇ ಲೀಗ್ ಬಿಟ್ಟು ಉತ್ತರದವರ ಲೀಗಿಗೆ ಓಡಿಹೋಗ್ತಿದೆಯಂತೆ? ರೇಡಿಯೋದಲ್ಲಿ ಒಂದೇ ಸಮ ಬಡ್ಕೋತಿದಾರೆ."

"ಇನ್ನೂ ಏನೂ ತೀರ್ಮಾನ ಆಗಿಲ್ಲ, ಮಿಸ್ ಓಡಿಲ್." ಮೇಲಿನವರು ಮನೆಮನೆಯಲ್ಲೂ ಹೇಳಬೇಕೆಂದು ಕಲಿಸಿ ಕಳಿಸಿದ್ದ ವಾಕ್ಯ ಅದು.

"ನನ್ನ ಮುಖ ನೋಡಿ ಹೇಳು."

ಅವನು ಏಡಿಯ ಮುಖ ನೋಡಿದ. "ಹೋಗ್ತೀವಿ ಅನ್ಸುತ್ತೆ," ಅಂದ. "ಅಲ್ಲಾದ್ರೆ ಇಡೀ ದೇಶ ಟೀವೀಲಿ ನೋಡುತ್ತೆ. ಇಲ್ಲೇ ಕೂತ್ರೆ ಟೆರಾನ್ ಅಂತ ಒಬ್ಬ ಇದಾನೆ ಅಂತ ಯಾರಿಗೆ ಗೊತ್ತಾಗುತ್ತೆ ಹೇಳಿ?"

"ನನಗೆ ಗೊತ್ತಾಗುತ್ತೆ. ಪಂದ್ಯ ಎಲ್ಲಿ ನಡೀತವೆ?"

"ಒಹಾಯೊ, ಐಯೋವಾ... ಆ ಕಡೆ."

"ಅಲ್ಲೀತನಕ ನನ್ನ ಪಾತ್ರೆ ಬಿಸಿ ಇರುತ್ತಾ?"

ಹಾರ್ಲನ್ ನಕ್ಕ. ಅವಳು ನಗಲಿಲ್ಲ. "ಹಳೇ ಲೀಗಲ್ಲೂ ಅಲಬಾಮಾ ಕಡೆ ಹೋದಾಗ ಆರ್ತಿತ್ತು ಕಣೋ. ಅಲ್ಲಿ ಎದುರು ತಂಡದ ಹುಡುಗನ ತಾಯಿ ಒಬ್ಳು ಇದ್ಳು. ನಮ್ಮನ್ನ ಬಾಯ್ತುಂಬ ಬೈಕೊಂಡೇ ತನ್ನ ಒಲೆ ಮೇಲೆ ಇಟ್ಕೊಡ್ತಿದ್ಳು. ನಿನ್ನ ಹೊಸ ಲೀಗಲ್ಲಿ ಅಂಥೋಳು ಯಾರಿದಾಳೆ?"

ಅವಳೇ ಮುಂದುವರಿಸಿದಳು. "ಬುಧವಾರ ಟೆರಾನ್‌ನ ಕೇಳ್ಕೊಂಡು ಇನ್ನೊಬ್ಬ ಕೋಚ್ ಬರ್ತಾನೆ. ಹಳೇ ಲೀಗಿನವನೇ. ಅವರ ಮೈದಾನ ನಾಲ್ಕು ಭತ್ತದ ಗದ್ದೆ ದಾಟಿದ್ರೆ ಸಿಗುತ್ತೆ. ಅಷ್ಟರೊಳಗೆ ನೀನು ಆ ಉತ್ತರದ ಕಡೆ ಯಾವುದಾದ್ರೂ ಊರಲ್ಲಿ ನನ್ನ ಗಂಬೋ ಬಿಸಿಬಿಸಿ ತಿಂದು ಬಾ. ತಿಂದ್ರೆ ಹುಡುಗ ನಿನ್ನೋನು."

"ಹೋಟೆಲಿನ ಮೈಕ್ರೋವೇವಲ್ಲಿ ಬಿಸಿ ಮಾಡಿ ತಿಂದೆ ಅಂದ್ರೆ?"

"ತಿನ್ನು. ಆಮೇಲೆ ಇಲ್ಲಿ ಬಂದು ಸುಳ್ಳು ಹೇಳುವಾಗ ಮುಖ ನೋಡೋಕೆ ಇನ್ನೊಂದು ಏಡಿ ಹುಡುಕ್ಕೋ."

ಟೆರಾನ್ ಕೈತಪ್ಪಿದರೆ ಅವನೊಬ್ಬನೇ ಕೈತಪ್ಪುವುದಿಲ್ಲವೆಂದು ಹಾರ್ಲನ್‌ಗೆ ಗೊತ್ತಿತ್ತು. ಈ ಸೀಮೆಯ ಅಜ್ಜಿಯರೆಲ್ಲ ಓಡಿಲ್‌ಳನ್ನು ನೋಡಿಯೇ ತಮ್ಮ ಹುಡುಗರನ್ನು ಕಳಿಸುವವರು. ಅವನು ಹೊರಟ.

ಮಿಸಿಸಿಪಿಯಲ್ಲಿ ರಜಾಯಿಯೊಳಗೆ ಕೈ ಹಾಕಿದಾಗ ಪಾತ್ರೆ ಚುರ್ರೆಂದು ಸುಟ್ಟಿತು. ಟೆನೆಸಿಯಲ್ಲಿ ಸುಖವಾಗಿ ಬೆಚ್ಚಗಿತ್ತು. ಕೆಂಟಕಿಯಲ್ಲಿ ಜ್ವರ ಇಳಿದ ಮೈಯಂತಿತ್ತು. ರೇಡಿಯೋದಲ್ಲಿ ಅವನು ಬಲ್ಲ ತಂಡಗಳ ಹೆಸರು ಒಂದೊಂದಾಗಿ ಮಾಯವಾದವು. ಪೆಟ್ರೋಲ್ ಬಂಕಿನವನು ಅವನ ಟೋಪಿಯ ಮೇಲಿನ ಹೆಸರು ಓದಿ, "ಟೆಶ್ ಅಂದ್ರೆ ಏನು, ಗೊಬ್ಬರದ ಕಂಪನಿನಾ?" ಅಂದ.

ಶನಿವಾರ ಬೆಳಿಗ್ಗೆ ಒಹಾಯೊದ ಊರೊಂದರ ಮೈದಾನದೆದುರು ಕಾರು ನಿಲ್ಲಿಸಿ ಮುಚ್ಚಳ ತೆಗೆದ. ಕೊಬ್ಬು ಮೇಣದಂತೆ ಕಟ್ಟಿತ್ತು. ಅದರ ಮೇಲೆ ಒಂದೆರಡು ಹಿಮದ ಹಳುಕು ಬಿದ್ದು ಕರಗದೆ ಹಾಗೇ ಕೂತವು. ರಸ್ತೆಯಾಚೆ ಅಂಗಡಿಯ ಕಿಟಕಿಯಲ್ಲಿ ಮೈಕ್ರೋವೇವ್ ಕಾಣುತ್ತಿತ್ತು. ಅವನು ಅದನ್ನು ಸಾಕಷ್ಟು ಹೊತ್ತು ನೋಡಿದ. ಪಾತ್ರೆ ಎತ್ತಿಕೊಂಡು ಇನ್ನೊಂದು ಕಡೆ ನಡೆದ.

ಗುರುತಿಲ್ಲದ ಬೀದಿ, ಗುರುತಿಲ್ಲದ ಬಾಗಿಲುಗಳು. ಆದರೆ ಒಂದು ಮನೆಯ ಮೆಟ್ಟಿಲ ಮೇಲೆ ಕೆಸರು ಮೆತ್ತಿದ ಆಟದ ಬೂಟುಗಳಿದ್ದವು, ಒಂದೊಂದೂ ಪುಟ್ಟ ದೋಣಿಯಷ್ಟು. ಹಾರ್ಲನ್ ಅಭ್ಯಾಸಬಲದಿಂದ ಅಲ್ಲೇ ನಿಂತ. ಮೊಣಕೈಯಿಂದ ಬಾಗಿಲು ತಟ್ಟಿದ.

ಆ ಊರಿನ ತಂಡದ ಅಂಗಿ ತೊಟ್ಟ ಹೆಂಗಸೊಬ್ಬಳು ಬಾಗಿಲನ್ನು ಕಣ್ಣಿನಷ್ಟು ತೆರೆದಳು. ಟೋಪಿ ನೋಡಿದಳು, ಪಾತ್ರೆ ನೋಡಿದಳು.

"ಏನು ಮಾರ್ತಿದೀರಿ?"

ನೂರಾರು ಅಡುಗೆಮನೆಗಳಲ್ಲಿ ಮಾತಿನಿಂದಲೇ ಗೆದ್ದಿದ್ದವನು ಈಗ ಇದ್ದದ್ದನ್ನು ಇದ್ದ ಹಾಗೆ ಹೇಳಿದ. "ಏನೂ ಇಲ್ಲಮ್ಮ. ನಾನು ಟೆಶ್ ಕಾಲೇಜಿನ ಕೋಚು," ಅಂದ. "ಬರೋ ವರ್ಷ ನಾವು ನಿಮ್ಮ ವಿರುದ್ಧ ಆಡಬಹುದು. ಇದು ತಣ್ಣಗಾಗಿಬಿಟ್ಟಿದೆ. ಸ್ವಲ್ಪ ಒಲೆ ಮೇಲೆ ಇಟ್ಕೊಡ್ತೀರಾ?"

ಅವಳು ಒಂದು ಕೈ ಹೊರಚಾಚಿ ಮುಚ್ಚಳ ಎತ್ತಿದಳು, ಮೂಸಿದಳು, ಮೂಗು ಮುರಿದಳು, ಮತ್ತೊಮ್ಮೆ ಮೂಸಿದಳು. "ನಮ್ಮ ಹುಡುಗರು ನಿಮ್ಮನ್ನ ಜಜ್ಜಿ ಹಾಕ್ತಾರೆ, ಗೊತ್ತಿರಲಿ," ಅಂದಳು.

ಆಮೇಲೆ ಬಾಗಿಲನ್ನು ಇನ್ನೊಂದಿಷ್ಟು ತೆರೆದಳು. ಸರಿಯಾಗಿ ಪಾತ್ರೆಯ ಅಗಲದಷ್ಟು.