ಕೋಚ್ ಹೇಳಿದ ಮಾತು

"ಇನ್ನೂ ಸ್ವಲ್ಪ ದೊಡ್ಡದಾಗಿ ತೆಗೀರಿ," ಎಂದಳು ದಂತವೈದ್ಯೆ. ಅವನು ತೆಗೆದ. ಇನ್ನು ದವಡೆಯೇ ಕಳಚಿ ಅವಳ ಕೈಗೆ ಬರಬೇಕು, ಅಷ್ಟು.

ಹಿಂದಿನ ಹಲ್ಲೊಂದು ರಾತ್ರಿಯಿಡೀ ಅವನನ್ನು ಮಲಗಲು ಬಿಟ್ಟಿರಲಿಲ್ಲ. ಈಗ ಚುಚ್ಚುಮದ್ದಿಗೆ ಅರ್ಧ ಮುಖ ಮರಗಟ್ಟಿತ್ತು. ಬಾಯೊಳಗೆ ಹತ್ತಿಯ ಉಂಡೆಗಳು, ಎಂಜಲು ಹೀರುವ ಕೊಳವೆ, ವೈದ್ಯೆಯ ಎರಡು ಬೆರಳು. ಕಣ್ಣಿಗೆ ನೇರ ದೀಪ.

"ನಾಳೆ ಮ್ಯಾಚ್ ಏನಾಗುತ್ತೆ ಮೇಡಂ?" ಎಂದ, ಕೊಳವೆ ಹಿಡಿದಿದ್ದ ಸಹಾಯಕ.

"ಏನಾಗೋದು? ಗೆಲ್ತೀವಿ. ಲೀಗ್‌ನಲ್ಲಿ ತಳ ಸೇರಿರೋ ತಂಡಕ್ಕೆ ಹೆದರೋದಾ?"

ತಳ ಸೇರಿದ ಆ ಫುಟ್‌ಬಾಲ್ ತಂಡದ ಕೋಚ್ ಕುರ್ಚಿಯಲ್ಲಿದ್ದ ಅವನೇ. ಹಿಂದಿನ ಸಂಜೆಯಷ್ಟೇ ಆಟಗಾರರೊಂದಿಗೆ ಈ ಊರಿಗೆ ಬಂದಿಳಿದಿದ್ದ. ನಾಳೆ ಸೋತರೆ ತಂಡ ಕೆಳಗಿನ ಲೀಗ್‌ಗೆ, ಅವನು ಮನೆಗೆ. ಏನು ಕೆಲಸ ಎಂದು ವೈದ್ಯೆ ಕೇಳಿದಾಗ, ಎದುರಾಳಿಗಳ ಊರಿನಲ್ಲಿ ಯಾಕೆ ರಗಳೆ ಎಂದು "ಮೇಷ್ಟ್ರು" ಎಂದಿದ್ದ.

"ಕೋಚ್ ಏನಂತಾರೆ?" ಸಹಾಯಕ ಕೇಳಿದ.

"ಬೆಳಗ್ಗೆ ತಿಂಡಿಗೆ ಕೂತಾಗ ಎಲ್ಲ ಬಿಡಿಸಿ ಹೇಳಿದ್ರು. ತಟ್ಟೆ, ಚಮಚ ಎಲ್ಲ ಆಟಗಾರರು. ನನ್ನ ಲೋಟ ಗೋಲ್‌ಕೀಪರ್. ಕಾಫಿ ಕುಡಿಯೋಕೂ ಬಿಡಲಿಲ್ಲ ಪುಣ್ಯಾತ್ಮರು."

ಈ ಊರಿನ ತಂಡದ ಕೋಚ್‌ನ ಹೆಂಡತಿ ಯಾವುದೋ ಡಾಕ್ಟರ್ ಎಂದು ಯಾರೋ ಹೇಳಿದ್ದು ಅವನಿಗೆ ನೆನಪಾಯಿತು. ಇದನ್ನು ಕೇಳಬಾರದು. ಇಷ್ಟು ವರ್ಷಗಳಲ್ಲಿ ಅವನು ಎದುರಾಳಿಗಳ ಅಭ್ಯಾಸವನ್ನು ಬೇಲಿಯ ಸಂದಿಯಿಂದಲೂ ಇಣುಕಿದವನಲ್ಲ. ಕೈ ಎತ್ತಿದ. "ಆಂ... ಆಂ..." ಎಂದ.

"ನೋವಾಯ್ತಾ ಮೇಷ್ಟ್ರೇ? ಇನ್ನೊಂಚೂರು ಮದ್ದು ಕೊಡ್ತೀನಿ ತಾಳಿ," ಎಂದು ಮತ್ತೊಮ್ಮೆ ಚುಚ್ಚಿದಳು. ನಾಲಿಗೆಯೂ ಹೋಯಿತು.

"ಅವರ ಎಡಗಡೆ ಕಾಯೋ ಲೆಫ್ಟ್ ಬ್ಯಾಕ್ ಒಬ್ಬನಿದಾನಲ್ಲ, ಗೋಡೆ ಅಂತ ಕರೀತಾರಲ್ಲ," ವೈದ್ಯೆ ಮುಂದುವರಿಸಿದಳು, "ಅವನಿಗೆ ಈಗ ಓಡೋಕಾಗಲ್ವಂತೆ. ನಮ್ಮ ಜಿಂಕೆಯನ್ನ ಅವನ ಮೇಲೇ ಬಿಡೋದು ಅಂತ ಕೋಚ್ ಲೆಕ್ಕ. ಆ ಹುಡುಗನ ವೇಗಕ್ಕೆ ಅರ್ಧ ಗಂಟೆಯೊಳಗೆ ಗೋಡೆ ಬಿರುಕು ಬಿಡುತ್ತೆ. ಸ್ವಲ್ಪ ಬಾಯಿ ಮುಕ್ಕಳಿಸಿ ಮೇಷ್ಟ್ರೇ."

ಕೊಳವೆ, ಹತ್ತಿ ಎಲ್ಲ ಹೊರಬಂದವು. ಅವನು ಎದ್ದು ಕೂತು ಮುಕ್ಕಳಿಸಿದ. ಅರ್ಧ ನೀರು ತುಟಿಯಂಚಿನಿಂದ ಅಂಗಿಗೇ ಸುರಿಯಿತು. ಮಾತು ಹೊರಡುತ್ತಿರಲಿಲ್ಲ, ನಿಜ. ಆದರೆ ಕೈಸನ್ನೆಯಲ್ಲಾದರೂ ಹೇಳಬಹುದಿತ್ತು. ಎದೆ ಮುಟ್ಟಿಕೊಂಡು, ನಾನೇ ಆ ತಂಡದವನು ತಾಯೀ, ಇಲ್ಲಿಗೆ ನಿಲ್ಲಿಸು ಎಂದು ಹೇಗಾದರೂ ತಿಳಿಸಬಹುದಿತ್ತು.

ಅವನು ಹಿಂದಕ್ಕೊರಗಿದ. ಯಾರೂ ಹೇಳದೆಯೇ ಬಾಯಿ ತೆರೆದ.

"ಆಮೇಲೆ ಮೇಡಂ?" ಎಂದ ಸಹಾಯಕ.

ಆಮೇಲಿನದನ್ನೆಲ್ಲ ಅವನು ಕಿವಿಗೊಟ್ಟು ಕೇಳಿಸಿಕೊಂಡ.

ಸಂಜೆ ಲಾಡ್ಜಿನ ಕೋಣೆಗೆ ಗೋಡೆಯನ್ನು ಕರೆಸಿದ. ತಂಡ ಕಟ್ಟಿದ ದಿನದಿಂದ ಜೊತೆಗಿದ್ದವನು. ಇದೇ ಕೊನೆಯ ಸೀಸನ್ ಎಂದು ಎಲ್ಲರಿಗೂ ಹೇಳಿಯಾಗಿತ್ತು. ಮದ್ದಿನ ಜೋಮು ಆಗಲೇ ಇಳಿದಿದ್ದರೂ ಕೋಚ್‌ನ ಬಾಯಿಂದ ಮಾತು ಬರಲು ಹೊತ್ತು ಹಿಡಿಯಿತು.

"ನಾಳೆ ನೀನು ಆಡಲ್ಲ. ಬದಲಿ ಆಟಗಾರರಲ್ಲೂ ನಿನ್ನ ಹೆಸರಿಲ್ಲ."

"ಹೆಂಡತಿ, ಮಗಳು ನೋಡೋಕೆ ಅಂತ ರೈಲು ಹತ್ತಿಬಿಟ್ಟಿದಾರೆ ಸಾರ್," ಎಂದ ಗೋಡೆ. ಆಮೇಲೆ ತಾನೇ ಸಮಾಧಾನ ಹೇಳುವವನಂತೆ, "ಪರವಾಗಿಲ್ಲ ಬಿಡಿ. ನಿಮಗೆ ಏನೋ ಗೊತ್ತಾಗಿರಬೇಕು," ಎಂದು ಬಾಗಿಲೆಳೆದುಕೊಂಡು ಹೋದ.

ಮರುದಿನ ಕೋಚ್ ಎಡಗಡೆಗೆ ಚುರುಕಾದ ಹೊಸಬನನ್ನು ಇಳಿಸಿದ. ಅವನ ಆಸರೆಗೆ ಮಧ್ಯದಿಂದ ಇಬ್ಬರನ್ನು ಅತ್ತ ಸರಿಸಿದ. ಮೂವರೂ ಜಿಂಕೆಗಾಗಿ ಕಾದು ನಿಂತರು. ಜಿಂಕೆ ಬರಲೇ ಇಲ್ಲ. ಇಡೀ ಆಟ ಅವನು ಬೆಂಚಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದ. ಖಾಲಿ ಬಿದ್ದ ಮಧ್ಯಭಾಗದಲ್ಲಿ ಎದುರಾಳಿಗಳು ಮನೆಯ ಅಂಗಳದಲ್ಲಿ ಓಡಾಡಿದಂತೆ ಓಡಾಡಿದರು. ಒಂದು ಗೋಲು ಬಿತ್ತು. ಜಾಗಕ್ಕೆ ಮರಳಿ ಎಂದು ಕೋಚ್ ಗೆರೆಯ ಬಳಿ ನಿಂತು ಕಿರುಚಿದ. ಗಂಟಲು ಹರಿಯಿತೇ ಹೊರತು ಆ ಗದ್ದಲದಲ್ಲಿ ಒಬ್ಬನ ಕಿವಿಗೂ ಬೀಳಲಿಲ್ಲ. ಇನ್ನೊಂದು ಗೋಲು ಬಿತ್ತು. ಹೆಸರೇ ಕೊಡದವನನ್ನು ಈಗ ಇಳಿಸುವಂತೆಯೂ ಇರಲಿಲ್ಲ. ಮೇಲೆ ಗ್ಯಾಲರಿಯಲ್ಲಿ ಗೋಡೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಟ ನೋಡುತ್ತಿದ್ದ. ಮಗಳು ಪದೇ ಪದೇ ಏನೋ ಕೇಳುತ್ತಿದ್ದಳು. ಅವನು ತಲೆಯಾಡಿಸುತ್ತಿದ್ದ.

ಕೆಲಸ ಹೋದ ಸುದ್ದಿ ಅಂದೇ ಫೋನಿನಲ್ಲಿ ಬಂತು. ಅದಕ್ಕಿಂತ ಅವನನ್ನು ಸುಟ್ಟದ್ದು ಬೇರೊಂದು ಯೋಚನೆ. ಆ ಹೆಂಗಸಿಗೆ ತಾನು ಯಾರೆಂದು ಮೊದಲೇ ಗೊತ್ತಿತ್ತು. ಗಂಡ ಹೆಂಡತಿ ಸೇರಿಕೊಂಡು, ಬಾಯಿ ಬಿಡಲಾಗದ ಹೊತ್ತು ನೋಡಿ ಕಿವಿಗೆ ಸುಳ್ಳು ತುಂಬಿದ್ದಾರೆ.

ಸೋಮವಾರ ಬೆಳಿಗ್ಗೆ ಹಲ್ಲಿಗೆ ಸಿಮೆಂಟ್ ತುಂಬಿಸಿಕೊಳ್ಳಬೇಕಿತ್ತು. ಕೇಳಿಯೇ ಬಿಡುತ್ತೇನೆ ಎಂದು ಹೋದ. ಹೊರಕೋಣೆಯಲ್ಲಿ ಉಣ್ಣೆಟೋಪಿಯ ಮುದುಕರೊಬ್ಬರು ಮುಖ ಗಂಟಿಕ್ಕಿಕೊಂಡು ಪೇಪರ್ ಓದುತ್ತಿದ್ದರು. ವೈದ್ಯೆ ಒಳಗಿನಿಂದ ಬಂದು, "ಬನ್ನಿ ಮೇಷ್ಟ್ರೇ, ಊತ ಇಳೀತಾ?" ಎಂದಳು.

"ನಿಮ್ಮ ಕೋಚ್ ಹೇಳಿದ್ದು ಒಂದು, ಆಡಿಸಿದ್ದು ಇನ್ನೊಂದು," ಎಂದ ಅವನು. "ಜಿಂಕೆಯನ್ನ ಯಾಕೆ ಇಳಿಸಲಿಲ್ಲ?"

"ಅಯ್ಯೋ, ನೀವೂ ಶುರು ಮಾಡಬೇಡಿ ಮೇಷ್ಟ್ರೇ," ವೈದ್ಯೆ ನಗುತ್ತ ಮುದುಕರ ಹೆಗಲ ಮೇಲೆ ಕೈಯಿಟ್ಟಳು. "ಅದನ್ನೇ ಹೇಳಿ ಹೇಳಿ ನಮ್ಮ ಮಾವ ನಿನ್ನೆಯಿಂದ ಊಟ ಬಿಟ್ಟಿದಾರೆ. ಬಸ್ ಓಡಿಸ್ತಿದ್ರು, ರಿಟೈರ್ ಆದ್ಮೇಲೆ ದಿನವಿಡೀ ಟಿವಿ ಮುಂದೆ ಕೂತು ಆಟ ಹೇಳಿಕೊಡ್ತಾರೆ ಅಂತ ಇಡೀ ಬೀದಿನೇ ಇವರನ್ನ ಕೋಚ್ ಅನ್ನುತ್ತೆ."